ಎಡಕ್ಕೆ ತಿರುಗುವ ಚುಕ್ಕಿ

ನನ್ನದು ಅನುಮಾನದ ಬುದ್ಧಿ. ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟವಳಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಅಂದುಕೊಳ್ಳುತ್ತೇನೆ, ನಗದಿದ್ದರೆ ನಿನ್ನೆಯ ಹಾಲು ಕೊಟ್ಟಿದ್ದಾನೆ ಅಂದುಕೊಳ್ಳುತ್ತೇನೆ. ರೇಡಿಯೊ ರಿಪೇರಿ ಮಾಡುವವರಿಗೆ ಈ ಬುದ್ಧಿ ಇರಲೇಬೇಕು. ಕೆಟ್ಟಿರುವುದು ಇದೇ ಎಂದು ಗಿರಾಕಿ ಬೆರಳಿಟ್ಟು ತೋರಿಸಿದರೆ, ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮೊದಲು ನೋಡಬೇಕು. ಆದರೆ ಈ ಸಲ ಅನುಮಾನ ಶುರುವಾದದ್ದು ನನ್ನಿಂದಲ್ಲ, ನನ್ನ ಅಕ್ಕನಿಂದ. ಏನೇ ಆದರೂ ಗಂಡನನ್ನು ಬಿಟ್ಟುಕೊಡದ ನನ್ನ ಅಕ್ಕನಿಂದ.

"ನಿಮ್ಮ ಭಾವ ಏನೋ ಮುಚ್ಚಿಡ್ತಿದ್ದಾರೆ ಕಣೇ," ಎಂದಳು. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ನಾನು ಬಿಚ್ಚಿಟ್ಟ ಸ್ಪೀಕರಿನ ಸ್ಕ್ರೂಗಳನ್ನು ಸುಮ್ಮನೆ ಸಾಲಾಗಿ ಜೋಡಿಸುತ್ತಿದ್ದಳು.

"ಏನಂತೆ?"

"ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ವಿಮಾನ ಹಾರಿಸಿ ಬಂದ ದಿನ ಅವರ ತಲೆ ನೋಡಬೇಕು ನೀನು. ಹೆಡ್‌ಫೋನ್ ಒತ್ತಿ ಒತ್ತಿ ನೆತ್ತಿ ಮೇಲೊಂದು ಗೆರೆ ಬಿದ್ದಿರುತ್ತೆ, ಸ್ನಾನ ಮಾಡೋವರೆಗೂ ಹೋಗಲ್ಲ. ಈಗೀಗ ಆ ಗೆರೇನೇ ಇಲ್ಲ. ಬಾಚಿಕೊಂಡು ಹೋದ ತಲೆ ಬಾಚಿದ ಹಾಗೇ ವಾಪಸ್ ಬರುತ್ತೆ."

"ಹೊಸ ಹೆಡ್‌ಫೋನ್ ತಗೊಂಡಿರ್ತಾರೆ."

"ಕಾರು ಕೆಟ್ಟಿದೆ ಅಂತ ಮನೇಲೇ ಬಿಟ್ಟು ಹೋಗ್ತಾರೆ. ನಾನು ಸ್ಟಾರ್ಟ್ ಮಾಡಿ ನೋಡ್ದೆ. ಒಂದೇ ಸಲಕ್ಕೆ ಗುಯ್ ಅಂತು. ಯಾರೋ ಬಂದು ಕರ್ಕೊಂಡು ಹೋಗ್ತಾರೆ. ಮನೆ ಬಾಗಿಲಿಗೆ ಬರಲ್ಲ, ರಸ್ತೆ ತಿರುವಲ್ಲಿ ನಿಲ್ತಾರೆ."

ಮನೆ ಬಾಗಿಲಿಗೆ ಬಾರದೆ ತಿರುವಿನಲ್ಲಿ ನಿಲ್ಲುವವರು ಎಂದರೆ ಯಾರು ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಒಂದು ಸ್ಕ್ರೂ ಬೀಳಿಸಿದಳು, ನಾನು ಬಗ್ಗಿ ಹುಡುಕಿದೆ.

"ಆದ್ರೆ ಚುಕ್ಕಿ ಓಡ್ತಾನೇ ಇರುತ್ತೆ," ಎಂದಳು. "ಅದನ್ನಂತೂ ನಾನು ಕಣ್ಣಾರೆ ನೋಡ್ತಿರ್ತೀನಿ. ವಿಮಾನ ಮೇಲಿದೆ ಅಂದ್ಮೇಲೆ ಅವರೂ ಮೇಲೇ ಇರಬೇಕಲ್ವಾ?"

ಈ ಚುಕ್ಕಿಯ ವಿಷಯ ಹೇಳಬೇಕು. ನಮ್ಮ ಊರಿನ ಹೊರಗೆ ಒಂದು ಹುಲ್ಲಿನ ರನ್‌ವೇ ಇದೆ. ಅದರ ಪಕ್ಕದ ತಗಡಿನ ಶೆಡ್ಡುಗಳಲ್ಲಿ, ವಿಮಾನವನ್ನು ಮನೆಯಲ್ಲೇ ಕಟ್ಟಿಕೊಂಡ ಒಂದಷ್ಟು ಜನ ತಮ್ಮ ತಮ್ಮ ಹಕ್ಕಿಗಳನ್ನು ಇಟ್ಟುಕೊಂಡಿದ್ದಾರೆ. ನಾನು ಹವ್ಯಾಸಿ ರೇಡಿಯೊದವಳು, ಲೈಸೆನ್ಸ್ ಇರುವವಳು. ಆ ವಿಮಾನಗಳಿಗೆಲ್ಲ ಜಾಗ ತಿಳಿಸುವ ಟ್ರ್ಯಾಕರ್ ಕೂರಿಸಿದ್ದು ನಾನೇ. ಅಂಗೈಯಗಲದ ಡಬ್ಬಿ ಅದು. ಆಕಾಶದ ಉಪಗ್ರಹಗಳನ್ನು ಕೇಳಿಕೊಂಡು ತಾನು ಎಲ್ಲಿದ್ದೇನೆಂದು ತಿಳಿಯುತ್ತದೆ, ತಿಳಿದದ್ದನ್ನು ನಮ್ಮ ಹವ್ಯಾಸಿಗಳ ರೇಡಿಯೊದಲ್ಲಿ ಆಗಾಗ ಕೂಗಿ ಹೇಳುತ್ತದೆ. ನನ್ನಂಥವರು ಮನೆ ತಾರಸಿಯ ಮೇಲೆ ಆ್ಯಂಟೆನಾ ಇಟ್ಟು ಅದನ್ನು ಹಿಡಿದು ಇಂಟರ್ನೆಟ್ಟಿಗೆ ದಾಟಿಸುತ್ತೇವೆ. ಮನೆಯಲ್ಲಿ ಕಾಯುವವರ ಫೋನಿನ ನಕ್ಷೆಯ ಮೇಲೆ ಒಂದೊಂದೇ ಚುಕ್ಕಿ ಬೀಳುತ್ತದೆ. ಹಾರಿಸುವವರಿಗೆಲ್ಲ ಹಿಂದೆ ಬಿದ್ದು, ಬೈದು, ನಮ್ಮ ರೇಡಿಯೊ ಪರೀಕ್ಷೆ ಬರೆಸಿ ಲೈಸೆನ್ಸ್ ಕೊಡಿಸಿದವಳೂ ನಾನೇ. ಅಲ್ಲಿ ನನ್ನನ್ನು ಡಬ್ಬಿ ಎಂದೇ ಕರೆಯುತ್ತಾರೆ. ಕರೆಯಲಿ.

ಡಬ್ಬಿ ಕೂರಿಸುವುದು ಹೇಳಿದಷ್ಟು ಸುಲಭದ ಕೆಲಸವಲ್ಲ. ಭಾವನ ಪಕ್ಕದ ಶೆಡ್ಡಿನ ಹಲ್ಲಿನ ಡಾಕ್ಟರೊಬ್ಬರ ವಿಮಾನ ಲೋಹದ್ದು, ರೇಡಿಯೊ ಅಲೆ ಒಳಗಿನಿಂದ ಹೊರಗೆ ಹೋಗುವುದಿಲ್ಲ. ಆ್ಯಂಟೆನಾ ಹೊರಗಿಡಲು ಹೊಟ್ಟೆಯ ಅಡಿ ತೂತು ಕೊರೆಯಬೇಕಾಯಿತು. ದಿನವೆಲ್ಲ ಜನರ ಬಾಯೊಳಗೆ ಕೊರೆಯುವ ಮನುಷ್ಯ, ನಾನು ಡ್ರಿಲ್ ಆನ್ ಮಾಡಿದ ಕೂಡಲೇ ಕಣ್ಣು ಮುಚ್ಚಿಕೊಂಡು "ನಿಧಾನ, ನಿಧಾನ" ಎಂದರು. ಭಾವನದು ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನ. ಆ್ಯಂಟೆನಾವನ್ನು ಬಾಲದೊಳಗೇ ಇಟ್ಟು ಮುಚ್ಚಿಬಿಟ್ಟೆ, ಅಲೆ ಬಟ್ಟೆ ದಾಟಿ ಹೋಗುತ್ತದೆ.

ಆ ವಿಮಾನ ಅಕ್ಕನ ಮನೆಯ ನಡುಮನೆಯಲ್ಲಿ ಹುಟ್ಟಿದ್ದು. ವರ್ಷಾನುಗಟ್ಟಲೆ ಅವಳು ರೆಕ್ಕೆಯ ಅಡಿ ಬಗ್ಗಿಕೊಂಡೇ ಅಡುಗೆಮನೆಗೆ ಹೋದಳು. ಅಂಟಿನ ವಾಸನೆಗೆ ತಲೆನೋವು ಬರಿಸಿಕೊಂಡಳು. ಭಾವ ರೆಕ್ಕೆಯ ತುದಿಯ ಹತ್ತಿರ ಮಲಗಿ ಕೇಬಲ್ ಬಿಗಿಮಾಡುವಾಗ ಸೀಟಿನಲ್ಲಿ ಕೂತು ಕೋಲು ಅಲ್ಲಾಡಿಸುತ್ತಿದ್ದವಳು ಅಕ್ಕನೇ. ಎರಡು ಸೀಟು, ಎರಡಕ್ಕೂ ಒಂದೊಂದು ಕೋಲು. ಎಡಕ್ಕೆ ವಾಲಿಸಿದರೆ ವಿಮಾನ ಎಡಕ್ಕೆ ವಾಲುತ್ತದೆ.

"ಎಡಕ್ಕೆ ಮಾಡು. ಅಷ್ಟು ಜೋರಾಗಲ್ಲ," ಎಂದು ಭಾವ ರೆಕ್ಕೆಯ ಕಡೆಯಿಂದ ಕೂಗುತ್ತಿದ್ದರು. "ತುಂಬಿದ ಹಾಲಿನ ಪಾತ್ರೆ ಹಿಡ್ಕೊಂಡಿದ್ದೀಯ ಅಂದ್ಕೋ. ಚೆಲ್ಲಬಾರದು."

"ಪಾತ್ರೆ ಹಿಡಿಯೋದನ್ನ ನನಗೆ ಹೇಳಿಕೊಡ್ತಾರೆ ನೋಡು," ಎಂದು ಅಕ್ಕ ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದಳು. ಆದರೆ ಚೆಲ್ಲದ ಹಾಗೆಯೇ ವಾಲಿಸುತ್ತಿದ್ದಳು.

ವಿಮಾನ ಮುಗಿದ ದಿನ ಭಾವ ಅವಳಿಗೆ ಮಾತು ಕೊಟ್ಟಿದ್ದರು, ಪಕ್ಕದ ಸೀಟಿನಲ್ಲಿ ಮೊದಲು ಕೂರುವವಳು ನೀನೇ ಎಂದು. ಆದರೆ ಮನೆಯಲ್ಲಿ ಕಟ್ಟಿದ ಹೊಸ ವಿಮಾನವನ್ನು ಮೊದಮೊದಲು ಒಬ್ಬರೇ ಹಾರಿಸಿ ಪರೀಕ್ಷಿಸಬೇಕು. ಆ ಗಂಟೆಗಳೆಲ್ಲ ಮುಗಿಯುವವರೆಗೆ ಇನ್ನೊಬ್ಬರನ್ನು ಕೂರಿಸುವಂತಿಲ್ಲ. ಈಗ ಅವು ಮುಗಿಯುತ್ತ ಬಂದಿದ್ದವು. ಬರುವ ಭಾನುವಾರ ಅಕ್ಕ ಹಾರುವ ದಿನ.

"ಕೂತ್ಕೊಳ್ಳೋದಾ ಬೇಡ್ವಾ ಹೇಳು," ಎಂದಳು ಅಕ್ಕ. "ಮನಸ್ಸಲ್ಲಿ ಇನ್ನೊಬ್ಬಳನ್ನ ಇಟ್ಕೊಂಡಿರೋರ ಪಕ್ಕ ಅಷ್ಟು ಎತ್ತರದಲ್ಲಿ ಕೂತು ನಾನೇನು ಮಾತಾಡ್ಲಿ?"

ಅವಳು ಹೋದ ಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಭಾವನ ಹಳೆಯ ಚುಕ್ಕಿಗಳನ್ನೆಲ್ಲ ತೆರೆದೆ. ಡಬ್ಬಿಗೆ ಒಂದು ಗುಣವಿದೆ. ವಿಮಾನ ನೇರ ಹೋಗುವಾಗ ಅದು ಹೆಚ್ಚು ಮಾತಾಡುವುದಿಲ್ಲ, ಅಪರೂಪಕ್ಕೊಮ್ಮೆ ಇಲ್ಲಿದ್ದೇನೆ ಅನ್ನುತ್ತದೆ. ತಿರುಗಿದ ಕೂಡಲೇ ಬಾಯಿ ಬಿಡುತ್ತದೆ. ನಕ್ಷೆಯಲ್ಲಿ ತಿರುವು ತಪ್ಪಿಹೋಗದಿರಲಿ ಎಂದು ಹಾಗೆ ಮಾಡಿರುವುದು. ನೋಡುವ ಮನೆಯವರು ಚುಕ್ಕಿ ಎಲ್ಲಿದೆ ಎಂದಷ್ಟೇ ನೋಡುತ್ತಾರೆ. ನಾನು ಹೇಗೆ ತಿರುಗಿತು ಎಂದು ನೋಡುತ್ತೇನೆ. ನಮ್ಮಲ್ಲಿ ಹಳಬರು ಮೋರ್ಸ್ ಸಂಕೇತದ ಕಟ್ಟು ಕಡಿ ಸದ್ದು ಕೇಳಿಯೇ ಆ ಕಡೆ ಕೀಲಿ ಒತ್ತುತ್ತಿರುವವರು ಯಾರು ಎಂದು ಹೆಸರು ಕೇಳುವ ಮೊದಲೇ ಹೇಳಿಬಿಡುತ್ತಾರೆ, ಒಬ್ಬೊಬ್ಬರ ಕೈ ಒಂದೊಂದು ಥರ. ಚುಕ್ಕಿಗಳಲ್ಲೂ ಹಾಗೇ ಕೈ ಗುರುತು ಸಿಗುತ್ತದೆ.

ಭಾವನ ಕೈ ನನಗೆ ಚೆನ್ನಾಗಿ ಗೊತ್ತು. ಕೆರೆಯ ಮೇಲೆ ಹೋದವರು ಯಾವಾಗಲೂ ಎಡಕ್ಕೇ ತಿರುಗುತ್ತಾರೆ, ತುಂಬ ಅಗಲವಾಗಿ, ತಟ್ಟೆಯ ಅಂಚಿನ ಹಾಗೆ. ಸಾಲಾಗಿ ಪುಟ್ಟ ಪುಟ್ಟ ಚುಕ್ಕಿ ಬಿದ್ದಿರುತ್ತವೆ. ಹಳೆಯ ದಿನಗಳಲ್ಲೆಲ್ಲ ಹಾಗೇ ಇತ್ತು. ಆಮೇಲೆ ಒಂದು ದಿನದಿಂದ ಆಚೆಗೆ ತಟ್ಟೆಯೇ ಇಲ್ಲ. ಅದೇ ವಿಮಾನ, ಅದೇ ಕೆರೆ, ಆದರೆ ತಿರುಗಿದ್ದು ಬಲಕ್ಕೆ. ಅದೂ ಪೆಟ್ಟಿಗೆಯ ಮೂಲೆಯ ಹಾಗೆ, ಚಕ್ಕನೆ. ಎರಡೇ ಚುಕ್ಕಿ, ಕೆಲಸ ಮುಗಿಯಿತು.

ವಿಮಾನ ಮೇಲಿತ್ತು ನಿಜ. ಅದರೊಳಗೆ ಭಾವ ಇರಲಿಲ್ಲ.

ಎಂಥ ಐನಾತಿ ಮನುಷ್ಯ ಎಂದು ಮೈಯೆಲ್ಲ ಉರಿಯಿತು. ವಿಮಾನವನ್ನು ಯಾರದೋ ಕೈಗೆ ಕೊಟ್ಟು ಹಾರಿಸಿ, ಇತ್ತ ಹೆಂಡತಿ ಫೋನ್ ಹಿಡಿದು ನನ್ನ ಗಂಡ ಕೆರೆ ದಾಟಿದರು, ಗುಡ್ಡ ದಾಟಿದರು ಎಂದು ಎಣಿಸುತ್ತ ಕೂತಿರಲಿ ಎಂದು ಬಿಟ್ಟು, ತಾವು ಎಲ್ಲಿಗೋ ಹೋಗುವುದು. ಅದಕ್ಕೆ ನನ್ನ ಡಬ್ಬಿಯೇ ಸಾಕ್ಷಿ. ಅಕ್ಕನ ಕಣ್ಣಿಗೆ ಮಣ್ಣೆರಚಿದ್ದು ಒಂದು ಪಾಲಾದರೆ, ನಾನು ಕೈಯಾರೆ ಕೂರಿಸಿದ ಡಬ್ಬಿಯಿಂದ ಎರಚಿದ್ದು ಇನ್ನೊಂದು ಪಾಲು.

ಮರುದಿನ ಅಂಗಡಿಯ ಬಾಗಿಲೆಳೆದು ಬಸ್ ಹಿಡಿದೆ. ಹೊರಡುವ ಮೊದಲು ಫೋನ್ ನೋಡಿದ್ದೆ, ಚುಕ್ಕಿ ಗುಡ್ಡದ ಹತ್ತಿರ ಓಡುತ್ತಿತ್ತು. ಈಗ ಹೋದರೆ ಶೆಡ್ ಖಾಲಿ ಇರುತ್ತದೆ, ಅಲ್ಲಿ ಏನಾದರೂ ಸುಳಿವು ಸಿಕ್ಕೇ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಹೋಗಿ ನೋಡಿದರೆ ಭಾವನ ಶೆಡ್ಡಿನ ಬಾಗಿಲು ಅರ್ಧ ಎಳೆದಿತ್ತು. ಎದುರಿಗೆ ಬಿಳಿ ಕಾರು, ಭಾವನದಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಫ್ಲಾಸ್ಕು, ಪಕ್ಕದಲ್ಲಿ ಎರಡು ಲೋಟ.

ಎರಡು ಲೋಟ ನೋಡಿದ ಮೇಲೆ ಇನ್ನೇನು ಉಳಿಯಿತು. ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಹೋಗಿ ಬಾಗಿಲನ್ನು ಒಂದೇ ಏಟಿಗೆ ತಳ್ಳಿದೆ. ತಗಡು ಕಿರ್ರೆಂದು ಊರಿಗೆಲ್ಲ ಕೇಳುವ ಹಾಗೆ ಕೂಗಿತು. ಒಳಗೆ ಯಾರೂ ಇರಲಿಲ್ಲ. ಬಟ್ಟೆಯ ತುಂಡುಗಳು, ಬಣ್ಣದ ಡಬ್ಬಗಳು, ವಿಮಾನ ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆ.

"ಇಲ್ಲಿದ್ದೀನಿ ಡಬ್ಬಿ," ಎಂಬ ದನಿ ಹಿಂದಿನಿಂದ ಬಂತು.

ಶೆಡ್ಡಿನ ಹಿಂಬದಿಯ ನೆರಳಿನಲ್ಲಿ ಭಾವ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು. ತೊಡೆಯ ಮೇಲೆ ಕೈ ರೇಡಿಯೊ. ಕತ್ತು ಮೇಲಕ್ಕೆ. ನೀಟಾಗಿ ಬಾಚಿದ ತಲೆ. ಯಾವ ಹೆಂಗಸೂ ಇರಲಿಲ್ಲ. ತಾವು ಕಟ್ಟಿದ ವಿಮಾನ ಬೇರೆಯವರ ಕೈಯಲ್ಲಿ ಹಾರುವುದನ್ನು ನೋಡುತ್ತ ಕೂತಿದ್ದರು.

"ಯಾರು ಹಾರಿಸ್ತಿರೋದು?" ಎಂದೆ.

"ಡಾಕ್ಟ್ರು."

"ಹಲ್ಲಿನವರಾ?"

"ಹ್ಞೂಂ. ನಿಂಗೆ ಹೇಗೆ ಗೊತ್ತಾಯ್ತು?"

"ಹಲ್ಲು ಕೀಳೋ ಹಾಗೆ ತಿರುಗಿಸ್ತಾರೆ. ಅದೂ ಬಲಕ್ಕೇ. ವರ್ಷಾನುಗಟ್ಟಲೆ ಕುರ್ಚಿಯ ಬಲಗಡೆ ನಿಂತು ಅಭ್ಯಾಸ." ನನಗೆ ನಗು ಬರಲಿಲ್ಲ. "ಭಾವ, ಅಕ್ಕನಿಗೆ ಸುಳ್ಳು ಯಾಕೆ?"

ಅವರು ಕೈ ರೇಡಿಯೊದ ಗುಂಡಿಯನ್ನು ಹಿಂದೆ ಮುಂದೆ ತಿರುವುತ್ತ ಕೂತರು. ಆಮೇಲೆ ಹೇಳಿದರು. "ಒಂದು ದಿನ ಇಳಿಸಿ ಎಂಜಿನ್ ಆಫ್ ಮಾಡ್ದೆ. ಅಲ್ಲಿವರೆಗೆ ನೆನಪಿದೆ. ಆಮೇಲೆ ಡಾಕ್ಟ್ರು ಗಾಜು ಬಡೀತಿದ್ರು. ಕಣ್ಣು ಕತ್ತಲೆ ಬಂದು ಹೋಗಿಬಿಟ್ಟಿದ್ದೆ ಕಣೇ. ಹೃದಯದ ಡಾಕ್ಟ್ರ ಹತ್ರ ಅವರೇ ಎಳ್ಕೊಂಡು ಹೋದ್ರು. ಬಡಿತ ಮಧ್ಯೆ ಮಧ್ಯೆ ತಪ್ಪುತ್ತಂತೆ. ವಿಮಾನ ಮುಟ್ಟಬೇಡಿ ಅಂದ್ರು. ಕಾರೂ ಬೇಡ ಅಂದ್ರು."

ಪಾಪ ಅನ್ನಿಸಿತು. ಆದರೆ ನನ್ನ ಬುದ್ಧಿ ಅಷ್ಟಕ್ಕೇ ಸುಮ್ಮನಾಗುವಂಥದ್ದಲ್ಲ. ಕಾಯಿಲೆಯನ್ನು ಹೆಂಡತಿಯಿಂದ ಮುಚ್ಚಿಡುವುದು ಒಂದು ತೂಕ. ಮಿಕ್ಕ ಗಂಟೆಗಳನ್ನು ಬೇರೆಯವರ ಕೈಯಲ್ಲಿ ಮುಗಿಸಿಕೊಳ್ಳುವ ಅವಸರ ಯಾಕೆ? ಯಾತಕ್ಕಾಗಿ ಮುಗಿಸಬೇಕು?

"ಭಾನುವಾರ ಯಾರು ಹಾರಿಸೋದು?" ಎಂದು ಕೇಳಿದೆ.

ಕೈ ರೇಡಿಯೊದ ದನಿ ತಗ್ಗಿಸಿದರು.

"ಭಾವ, ಭಾನುವಾರ ಅಕ್ಕನ ಪಕ್ಕ ಯಾರು ಕೂರೋದು?"

"ಒಂದೇ ಸುತ್ತು," ಎಂದರು, ನೆಲ ನೋಡುತ್ತ. "ಕೆರೆ ದಾಟಿ ವಾಪಸ್. ಅಷ್ಟರಲ್ಲಿ ಏನೂ ಆಗಲ್ಲ. ರೆಕ್ಕೆ ಕೆಳಗೆ ಬಗ್ಗಿ ಬಗ್ಗಿ ಅವಳ ಸೊಂಟ ಹೋಯ್ತು. ಮಾತು ಕೊಟ್ಟಿದ್ದೀನಿ. ಆಮೇಲೆ ಮುಟ್ಟಲ್ಲ, ಆಣೆ."

ನನ್ನ ಅಕ್ಕನನ್ನು ಅಷ್ಟು ಎತ್ತರಕ್ಕೆ ಒಯ್ದು, ಯಾವಾಗ ಕಣ್ಣು ಕತ್ತಲೆ ಬರುತ್ತದೋ ತಿಳಿಯದ ಈ ಮನುಷ್ಯ ಒಂದೇ ಸುತ್ತು ಅನ್ನುತ್ತಿದ್ದರು. ಇನ್ನೊಬ್ಬಳು ಇದ್ದಿದ್ದರೇ ಎಷ್ಟೋ ವಾಸಿ, ಯಾರ ಜೀವವೂ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ವಿಮಾನ ಇಳಿಯಿತು. ಡಾಕ್ಟರು ಹೆಡ್‌ಫೋನ್ ತೆಗೆಯುತ್ತ ನಮ್ಮ ಕಡೆ ಬಂದರು, ಅವರ ನೆತ್ತಿಯ ಮೇಲೆ ಗೆರೆ ಸ್ಪಷ್ಟವಾಗಿತ್ತು. ಎರಡನೇ ಲೋಟ ಅವರದು, ಬಿಳಿ ಕಾರೂ ಅವರದೇ. ನಾನು ಭಾನುವಾರದ ವಿಷಯ ಹೇಳಿದ ಕೂಡಲೇ ಲೋಟ ಕೆಳಗಿಟ್ಟರು.

"ನನಗೆ ಹೇಳಿದ್ದೇ ಬೇರೆ," ಎಂದರು ಭಾವನ ಕಡೆ ತಿರುಗಿ. "ಮನೇಲಿ ಎಲ್ಲ ಹೇಳಿದ್ದೀನಿ, ಭಾನುವಾರ ನೀವೇ ಅವಳನ್ನ ಕರ್ಕೊಂಡು ಹೋಗಿ ಅಂದ್ರಲ್ಲ ನೀವು?"

"ಹೇಳ್ತೀನಿ ಅಂದಿದ್ದೆ," ಎಂದರು ಭಾವ.

ನಾನು ಭಾವನಿಗೆ ಅಲ್ಲೇ ಹೇಳಿದೆ. "ಇವತ್ತು ಸಂಜೆಯೊಳಗೆ ನೀವು ಅಕ್ಕನಿಗೆ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ. ನನ್ನ ಬಾಯಿಗೆ ಬೀಗ ಹಾಕೋಕೆ ನೋಡಬೇಡಿ."

ಸಂಜೆ ಅಕ್ಕನಿಗೆ ಫೋನ್ ಮಾಡಿ ಭಾವ ಏನಾದರೂ ಹೇಳಿದರಾ ಎಂದೆ. ಭಾನುವಾರ ಮೇಲೆ ಚಳಿ ತಡೆಯಲು ಯಾವ ಬಟ್ಟೆ ಹಾಕಿಕೊಳ್ಳುತ್ತೀಯ ಎಂದು ಕೇಳಿದರಂತೆ. ಅಷ್ಟೇ.

ನಾನೇ ಹೋದೆ. ಭಾವ ಒಳಗೆ ಮಲಗಿದ್ದರು, ಅಥವಾ ಮಲಗಿದ ಹಾಗೆ ಮಾಡುತ್ತಿದ್ದರು, ನನಗೆ ಆ ಅನುಮಾನ ಈಗಲೂ ಇದೆ. ನಡುಮನೆಯಲ್ಲಿ, ಹಿಂದೆ ರೆಕ್ಕೆ ಇರುತ್ತಿದ್ದ ಜಾಗದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಅಕ್ಕ ಮೊದಲು ನಕ್ಕಳು. ಹಗುರಾದ ನಗು ಅದು, ಇನ್ನೊಬ್ಬಳು ಇಲ್ಲವೆಂದು ತಿಳಿದದ್ದಕ್ಕೆ. ಆಮೇಲೆ ಅಳು ಬಂತು. ಆಮೇಲೆ ಸಿಟ್ಟು ಬಂತು, ಅದು ಹೋಗಲಿಲ್ಲ.

"ಇನ್ನೊಬ್ಬಳಿದ್ದಿದ್ರೆ ಅವಳ ಜುಟ್ಟು ಹಿಡಿದು ಜಗಳ ಆಡಬಹುದಿತ್ತು," ಎಂದಳು ಮೂಗು ಒರೆಸಿಕೊಳ್ಳುತ್ತ. "ಇದಕ್ಕೇನು ಮಾಡ್ಲಿ? ದಿನಾ ಚುಕ್ಕಿ ನೋಡ್ತಾ ಕೂತಿದ್ದೆನಲ್ಲೇ. ಯಾರದ್ದೋ ಚುಕ್ಕಿಗೆ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ."

"ಭಾನುವಾರ ಹೋಗಬೇಡ ಅಕ್ಕ."

"ನಾನು ಹೋಗ್ತೀನಿ," ಎಂದಳು. "ಹೇಗೆ ಹೋಗಬೇಕು ಅಂತ ನನಗೆ ಗೊತ್ತು. ನೀನು ಸುಮ್ಮನಿರು."

ಸುಮ್ಮನಿರು ಅಂದರೆ ನಾನು ಸುಮ್ಮನಿರುತ್ತೇನೆಯೇ? ಭಾನುವಾರದವರೆಗೆ ನಿದ್ದೆಗೆಟ್ಟೆ. ಅಕ್ಕನ ಮೇಲೂ ಅನುಮಾನ ಬಂತು. ಮೊದಲಿನಿಂದ ಗಂಡನ ಮಾತು ಮೀರಿದವಳಲ್ಲ, ಒಂದೇ ಸುತ್ತು ಎಂದು ಅವರು ಮುಖ ಸಣ್ಣಗೆ ಮಾಡಿದರೆ ಕರಗಿ ಪಕ್ಕದಲ್ಲಿ ಕೂತೇಬಿಡುವವಳು. ಹಾಗೇನಾದರೂ ಆದರೆ ವಿಮಾನದ ಚಕ್ರಕ್ಕೆ ಅಡ್ಡ ಮಲಗುವುದೆಂದು ತೀರ್ಮಾನಿಸಿಕೊಂಡೇ ಹೋದೆ.

ಭಾನುವಾರ ಗಾಳಿ ಇರಲಿಲ್ಲ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಡ್‌ಫೋನ್ ತಲೆಗೇರಿಸಿಕೊಂಡು ರೆಕ್ಕೆಯ ಪಕ್ಕ ನಿಂತಿದ್ದರು. ನನ್ನನ್ನು ನೋಡಿದವರು ಬೇರೆ ಕಡೆ ನೋಡಿದರು. ಡಾಕ್ಟರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಅಕ್ಕ ದಪ್ಪ ಸ್ವೆಟರು ಹಾಕಿಕೊಂಡು ಸೀದಾ ಗಂಡನ ಹತ್ತಿರ ಹೋದಳು. ಎರಡೂ ಕೈಯಿಂದ ಅವರ ತಲೆಯ ಮೇಲಿನ ಹೆಡ್‌ಫೋನ್ ತೆಗೆದಳು. ಮಗುವಿನ ತಲೆಯಿಂದ ಟೋಪಿ ತೆಗೆದಷ್ಟು ಮೆಲ್ಲಗೆ ತೆಗೆದಳು.

"ಡಾಕ್ಟ್ರೇ, ಬನ್ನಿ," ಎಂದು ಅದನ್ನು ಅವರ ಕಡೆ ಚಾಚಿದಳು.

"ಒಂದೇ ಸುತ್ತು," ಎಂದರು ಭಾವ.

"ರೀ, ಎಲ್ಲ ಗೊತ್ತಾಗಿದೆ ನನಗೆ. ಇಷ್ಟು ವರ್ಷ ನೀವು ಹೇಳಿದಲ್ಲೆಲ್ಲ ಬಗ್ಗಿ ನಡೆದಿದ್ದೀನಿ. ಇವತ್ತೊಂದು ದಿನ ನೀವು ನನ್ನ ಮಾತು ಕೇಳಿ." ತನ್ನ ಫೋನನ್ನು ಅವರ ಕೈಯಲ್ಲಿಟ್ಟಳು. "ತಗೊಳ್ಳಿ. ನಾನು ನೋಡ್ತಾ ಕೂತಿದ್ದ ಹಾಗೇ ನೀವೂ ನೋಡ್ತಾ ಕೂತಿರಿ."

ಭಾವ ಒಮ್ಮೆ ವಿಮಾನ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

ವಿಮಾನ ಹುಲ್ಲಿನ ಮೇಲೆ ಓಡಿ ಎದ್ದಿತು. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಕಾಣದಾಯಿತು. ಮಿಕ್ಕಿದ್ದು ಫೋನು ಮಾತ್ರ. ನಾನು ಭಾವನ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಚುಕ್ಕಿ ಯಾಕೆ ನಿಂತಿದೆ?" ಎಂದರು.

"ನಿಂತಿಲ್ಲ. ನೇರ ಹೋಗುವಾಗ ಡಬ್ಬಿ ಜಾಸ್ತಿ ಮಾತಾಡಲ್ಲ."

"ಇಷ್ಟು ಹೊತ್ತಾ?"

"ಇಷ್ಟೇ ಹೊತ್ತು ಭಾವ."

ಒಂದು ಚುಕ್ಕಿ ಬಿತ್ತು. ಉಸಿರು ಬಿಟ್ಟರು. ಆಮೇಲೆ ಗುಡ್ಡದ ಹಿಂದೆ ಹೋಯಿತು. ಅಲ್ಲಿಂದ ನನ್ನ ಆ್ಯಂಟೆನಾಗೆ ಕೇಳಿಸುವುದಿಲ್ಲ. ನಕ್ಷೆ ಸುಮ್ಮನಾಯಿತು. ನಿನ್ನ ಡಬ್ಬಿ ಸರಿ ಇದೆಯಾ, ಬ್ಯಾಟರಿ ಯಾವಾಗ ಹಾಕಿದ್ದು, ಈ ಡಾಕ್ಟರು ಗುಡ್ಡಕ್ಕೆ ಅಷ್ಟು ಹತ್ತಿರ ಯಾಕೆ ಹೋದರು, ಅವರಿಗೆ ಎಣ್ಣೆಯ ಮುಳ್ಳು ನೋಡುವುದು ಗೊತ್ತಿದೆಯೋ ಇಲ್ಲವೋ ಎಂದು ಒಂದರ ಮೇಲೊಂದು ಕೇಳಿದರು. ಅನುಮಾನದಲ್ಲಿ ನನ್ನನ್ನೂ ಮೀರಿಸಿದ್ದರು. ಆಮೇಲೆ ಫೋನನ್ನು ತೊಡೆಯ ಮೇಲಿಟ್ಟುಕೊಂಡರು.

"ದಿನಾ ಹೀಗೇನಾ ಅವಳು ಕೂತಿರ್ತಿದ್ದದ್ದು?" ಎಂದರು.

"ದಿನಾ," ಎಂದೆ.

ಕೆರೆಯ ಹತ್ತಿರ ಚುಕ್ಕಿ ಮತ್ತೆ ಕಂಡಿತು. ಇನ್ನು ಡಾಕ್ಟರು ಬಲಕ್ಕೆ ಚಕ್ಕನೆ ತಿರುಗಿಸಿ ಮನೆ ಕಡೆ ಬರುತ್ತಾರೆ ಎಂದು ನಾನು ಆ ಮೂಲೆಯನ್ನೇ ನೋಡುತ್ತಿದ್ದೆ. ಮುಂದಿನ ಚುಕ್ಕಿ ಬಿದ್ದದ್ದು ಎಡಕ್ಕೆ. ಅದರ ಪಕ್ಕದಲ್ಲೇ ಇನ್ನೊಂದು, ಅದರಾಚೆ ಇನ್ನೊಂದು. ಅಗಲವಾಗಿ, ನಿಧಾನವಾಗಿ, ಕೆರೆಯನ್ನು ಸುತ್ತುತ್ತ ಬಂದವು, ತಟ್ಟೆಯ ಅಂಚಿನ ಹಾಗೆ.

"ಡಬ್ಬಿ, ಇದು ನಾನು," ಎಂದರು ಭಾವ. "ಇದು ನನ್ನ ತಿರುವು. ಡಾಕ್ಟ್ರಿಗೆ ಇದು ಬರಲ್ಲ."

ಆಮೇಲೆ ಅವರಿಗೇ ತಿಳಿಯಿತು. ಮೇಲೆ ಪಕ್ಕದ ಸೀಟಿನ ಕೋಲು ಅಕ್ಕನ ಕೈಯಲ್ಲಿತ್ತು.

ಭಾವ ಫೋನನ್ನು ಮುಖದ ಹತ್ತಿರ ತಂದರು. ಬಲಗೈಯನ್ನು ಮೊಣಕಾಲಿನ ಮೇಲಿಟ್ಟು, ಕೋಲು ಹಿಡಿದ ಹಾಗೆ ಮುಷ್ಟಿ ಮಾಡಿ, ಸ್ವಲ್ಪವೇ ಎಡಕ್ಕೆ ವಾಲಿಸಿದರು.

"ಹಾಗೇ," ಎಂದರು ಮೆಲ್ಲಗೆ, ರೆಕ್ಕೆಯ ಕಡೆಯಿಂದ ಕೂಗಿದಂತಲ್ಲ, ಕಿವಿಯಲ್ಲಿ ಹೇಳಿದಂತೆ. "ಹಾಲಿನ ಪಾತ್ರೆ. ಚೆಲ್ಲಬೇಡ."

ಮುಂದಿನ ಚುಕ್ಕಿ ಅವರ ಮುಷ್ಟಿ ವಾಲಿದ ಕಡೆಗೇ ಬಿತ್ತು.